ಕೋಹಾಕ್ಕೆ ಕನ್ನಡ ಪುಸ್ತಕಗಳನ್ನು ಸಾಗಿಸಿದ ಬಗೆ

ಕಾಲೇಜು ಗ್ರಂಥಾಲಯದ ಕಂಪ್ಯೂಟರಿನಲ್ಲಿ ‘ಕಾದಂಬರಿ’ ಎಂದು ಕನ್ನಡದಲ್ಲಿ ಬರೆದು ಹುಡುಕಿದರೆ ಒಂದೂ ಪುಸ್ತಕ ಬರುತ್ತಿರಲಿಲ್ಲ. ಹತ್ತು ಹೆಜ್ಜೆ ಆಚೆ 894.8143 ಎಂದು ಚೀಟಿ ಅಂಟಿಸಿದ ರ‍್ಯಾಕುಗಳ ತುಂಬ ಇದ್ದದ್ದು ಕನ್ನಡ ಕಾದಂಬರಿಗಳೇ. ಹಳೆಯ ಸಾಫ್ಟ್‌ವೇರ್ ಬಿಟ್ಟು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಹೋಗಲು ಬೇರೆ ಕಾರಣಗಳೂ ಇದ್ದವು. ಆದರೆ ಇನ್ನು ತಡ ಮಾಡಬಾರದು ಅನ್ನಿಸಿದ್ದು ಇದರಿಂದ.

ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಹೊರೊವೆನುವಾ ಗ್ರಂಥಾಲಯ ಟ್ರಸ್ಟ್‌ಗಾಗಿ 1999ರಲ್ಲಿ ಬರೆದದ್ದು, 2000ದ ಜನವರಿಯಲ್ಲಿ ಬಳಕೆಗೆ ಬಂತು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ. ತೆರೆದ ಮೂಲದ ತಂತ್ರಾಂಶವಾದ್ದರಿಂದ ಪರವಾನಗಿ ಶುಲ್ಕವಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇರುವ ಒಂದು ಸಾಧಾರಣ ಯಂತ್ರದ ಮೇಲೆ ಅದನ್ನು ನಿಲ್ಲಿಸಲು ನಮಗೆ ಅರ್ಧ ದಿನ ಸಾಕಾಯಿತು. ಅದರೊಳಗೆ ಹಾಕಬೇಕಾದ ದಾಖಲೆಗಳನ್ನು ಸರಿಮಾಡಲು ತಿಂಗಳುಗಳೇ ಹಿಡಿದವು. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಹೆಚ್ಚಾಗಿ ದಾಖಲೆಗಳ ಬಗ್ಗೆ.

ಹಳೆಯ ಸಾಫ್ಟ್‌ವೇರಿನಿಂದ ಹೊರಬಂದದ್ದು ಒಂದೇ ಒಂದು ದೊಡ್ಡ ಕೋಷ್ಟಕ. ಒಂದು ಆಕ್ಸೆಷನ್ ನಂಬರಿಗೆ, ಅಂದರೆ ಒಂದೊಂದು ಪ್ರತಿಗೂ ಗ್ರಂಥಾಲಯ ಕೊಡುವ ಕ್ರಮಸಂಖ್ಯೆಗೆ, ಒಂದು ಸಾಲು. ಅದನ್ನು ಸ್ಪ್ರೆಡ್‌ಶೀಟಿನಲ್ಲಿ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಅಲ್ಲಿಗೇ ಮೊದಲ ನಷ್ಟ. 13 ಅಂಕಿಯ ಐಎಸ್‌ಬಿಎನ್ ‘9.78ಇ+12’ ಆಗುತ್ತದೆ. ಹಾಗೆಯೇ ಉಳಿಸಿದರೆ ಹಿಂದಿನ ಅಂಕಿಗಳು ಮತ್ತೆ ಸಿಗುವುದಿಲ್ಲ. ‘00412’ ಎಂಬ ಆಕ್ಸೆಷನ್ ನಂಬರ್ ‘412’ ಆಗಿ, ಪುಸ್ತಕದ ಮೇಲಿನ ಮುದ್ರೆಗೂ ಕಡತಕ್ಕೂ ತಾಳೆ ತಪ್ಪುತ್ತದೆ. ಸಾದಾ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಬಹುದು. ನಾವು ಹಿಡಿದ ದಾರಿ ಇಷ್ಟು: ಮೂಲ ಕಡತವನ್ನು ಯಾರೂ ಮುಟ್ಟದಂತೆ ಬೇರೆಡೆ ಇಟ್ಟು, ಅದರ ಪ್ರತಿಯನ್ನು ಲಿಬ್ರೆಆಫೀಸ್‌ನಲ್ಲಿ ಆಮದು ಮಾಡುವಾಗ ಎಲ್ಲ ಕಾಲಂಗಳನ್ನೂ ‘ಪಠ್ಯ’ ಎಂದು ಗುರುತಿಸಿ, ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿಯೇ ತೆರೆಯುವುದು. ಆಮದಾದ ಕೂಡಲೇ ಒಟ್ಟು ಸಾಲುಗಳನ್ನು ಎಣಿಸಿ ಮೂಲದೊಂದಿಗೆ ಹೋಲಿಸುವುದು. ಶೀರ್ಷಿಕೆಯ ನಡುವೆ ಯಾರೋ ಎಂಟರ್ ಒತ್ತಿದ್ದರೆ ಒಂದು ಸಾಲು ಎರಡಾಗಿರುತ್ತದೆ. ಈ ಎಣಿಕೆ ಇಲ್ಲದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ.

ಕನ್ನಡ ಪುಸ್ತಕಗಳ ಸಾಲುಗಳು ಮೂರು ಬಗೆಯವಾಗಿದ್ದವು. ಇತ್ತೀಚಿನ ಕೆಲವು ಯುನಿಕೋಡಿನಲ್ಲಿದ್ದವು. ಬಹಳಷ್ಟು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿದ್ದವು. ಯುನಿಕೋಡ್ ಬಳಕೆಗೆ ಬರುವ ಮೊದಲು ಇದ್ದ ದಾರಿಯೇ ಅದು. ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ, ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಉಳಿದವು ಇಂಗ್ಲಿಷ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆದವು.

ಮೂರನೆಯದಕ್ಕೆ ಯಂತ್ರದ ಪರಿಹಾರ ಇಲ್ಲ. ಇಂಗ್ಲಿಷಿನಲ್ಲಿ ಬರೆದ ‘ಮಲೆ’ ಎಂಬುದು ಮಳೆಯೋ ಮಲೆಯೋ ಮಾಲೆಯೋ ಎಂದು ಹೇಳಬಲ್ಲದ್ದು ಪುಸ್ತಕ ಒಂದೇ. ಲ-ಳ, ನ-ಣ, ದ-ಡ, ಹ್ರಸ್ವ-ದೀರ್ಘ ಎಲ್ಲವೂ ಆ ಲಿಪಿಯಲ್ಲಿ ಕಳೆದುಹೋಗಿರುತ್ತವೆ. ಆ ಸಾಲುಗಳನ್ನು ಪ್ರತ್ಯೇಕಿಸಿ, ಪುಸ್ತಕ ಕೈಯಲ್ಲಿ ಹಿಡಿದು, ಮುಖಪುಟ ನೋಡದೆ ಒಳಗಿನ ಶೀರ್ಷಿಕೆ ಪುಟ ನೋಡಿಯೇ ಟೈಪ್ ಮಾಡಬೇಕಾಯಿತು. ದಿನಕ್ಕೆ ಇಬ್ಬರಿಂದ ನೂರಿಪ್ಪತ್ತು ಪುಸ್ತಕ ಆದರೆ ಒಳ್ಳೆಯ ದಿನ.

ಎರಡನೆಯ ಬಗೆಯವನ್ನು ಪರಿವರ್ತಕದಿಂದ ಬದಲಿಸಬಹುದು. ಆದರೆ ಮೊದಲು ಯಾವ ಸಾಲು ಯಾವ ಬಗೆಯದೆಂದು ಬೇರ್ಪಡಿಸಬೇಕು. ಇಂಗ್ಲಿಷ್ ಶೀರ್ಷಿಕೆಯನ್ನು ಪರಿವರ್ತಕಕ್ಕೆ ಕೊಟ್ಟರೆ ಅದು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ನುಡಿಯ ಸಂಕೇತದಲ್ಲಿ ತಲೆಕಟ್ಟಿಗೇ ಪ್ರತ್ಯೇಕ ಗುರುತಿದೆ: ನೆತ್ತಿಯ ಮೇಲೆ ಓರೆಗೀಟು ಹೊತ್ತ ದೊಡ್ಡ ‘ಎ’. ತಲೆಕಟ್ಟಿಲ್ಲದ ಕನ್ನಡ ಶೀರ್ಷಿಕೆ ಅಪರೂಪ. ಹಾಗಾಗಿ ಆ ಅಕ್ಷರ ಇರುವ ಸಾಲುಗಳನ್ನು ಸೋಸಿದರೆ ಹೆಚ್ಚಿನವು ಸಿಕ್ಕಿಬಿಡುತ್ತವೆ. ‘ಗಿಳಿ’ಯಂಥ, ಬರೀ ಗುಡಿಸಿನ ಅಕ್ಷರಗಳಿರುವ ಪದಗಳು ಮಾತ್ರ ಜಾರಿಕೊಳ್ಳುತ್ತವೆ. ಅವಕ್ಕಾಗಿ ಎರಡನೆಯ ಸಲ, ಸಾದಾ ಇಂಗ್ಲಿಷಿನಲ್ಲಿ ಬರದ ಚಿಹ್ನೆಗಳಿರುವ ಸಾಲುಗಳನ್ನೆಲ್ಲ ಸೋಸಿ ಕಣ್ಣಾಡಿಸಬೇಕು. ಒಂದೇ ಕೋಶದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇದ್ದರೆ ಪದಪದವಾಗಿ ಒಡೆದು ಬದಲಿಸಬೇಕು.

ಪರಿವರ್ತನೆ ಮುಗಿದ ಮೇಲೆ ನಿಜವಾದ ತಿದ್ದುವ ಕೆಲಸ ಶುರು. ತಪ್ಪುಗಳು ಎಲ್ಲೆಂದರಲ್ಲಿ ಚೆದುರಿರುವುದಿಲ್ಲ, ಒಂದೊಂದಕ್ಕೂ ಒಂದು ಕಾರಣ ಇರುತ್ತದೆ. ಆ ಕಾರಣ ತಿಳಿದರೆ ಸಾವಿರ ಸಾಲುಗಳನ್ನು ಒಂದೇ ಏಟಿಗೆ ಸರಿಪಡಿಸಬಹುದು.

ಅರ್ಕಾವೊತ್ತನ್ನೇ ನೋಡಿ. ಹಳೆಯ ಸಂಕೇತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ಹಾಗಾಗಿ ‘ರ್’ ಮೊದಲು ಬರಬೇಕು. ‘ಧರ್ಮ’ದಲ್ಲಿ ಪರಿವರ್ತಕ ಒಂದು ಅಕ್ಷರ ಹಿಂದೆ ದಾಟಿ ಅದನ್ನು ಸರಿಯಾಗಿ ಕೂರಿಸುತ್ತದೆ. ‘ಸಾಮರ್ಥ್ಯ’ದಲ್ಲಿ ಥಕಾರದ ಕೆಳಗೆ ಯಕಾರದ ಒತ್ತೂ ಇದೆ. ಸರಳ ಪರಿವರ್ತಕ ಪೂರ್ತಿ ದಾಟದೆ ನಡುವೆಯೇ ನಿಂತು ‘ಸಾಮಥ್ರ್ಯ’ ಮಾಡಿಬಿಡುತ್ತದೆ. ಪತ್ರಿಕೆಗಳ ಹಳೆಯ ಪುಟಗಳಲ್ಲೂ ಈ ರೂಪ ಕಂಡವರಿರಬಹುದು, ಕಾರಣ ಇದೇ. ಪರಿವರ್ತನೆಯಾದ ಕಡತದಲ್ಲಿ ಹೀಗೆ ಯಕಾರದ ಹಿಂದೆ ‘ರ್’ ಒತ್ತಾಗಿ ಸಿಕ್ಕಿಕೊಂಡ ಜಾಗಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಿದರೆ ಈ ತಪ್ಪುಗಳು ಒಟ್ಟಿಗೆ ಹೊರಬರುತ್ತವೆ.

ಇನ್ನೊಂದು ಸೊನ್ನೆಯ ಕಥೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಸ೦ಸ್ಕೃತಿ’ ಎಂದು ಅಂಕಿ ಹಾಕಿ ಬರೆದ ಪುಸ್ತಕ ‘ಸಂಸ್ಕೃತಿ’ ಎಂದು ಹುಡುಕಿದವರಿಗೆ ಸಿಗುವುದೇ ಇಲ್ಲ. ತೆರೆಯ ಮೇಲೆ ನೋಡಿದರೆ ಎರಡೂ ಒಂದೇ ಥರ ಕಾಣುವುದರಿಂದ ತಪ್ಪು ಎಲ್ಲಿದೆಯೆಂದು ಗೊತ್ತಾಗುವುದೂ ಇಲ್ಲ. ನಿಯಮ ಸರಳ: ಸೊನ್ನೆಯ ಹಿಂದಿರುವುದು ಅಕ್ಷರ ಅಥವಾ ಸ್ವರಚಿಹ್ನೆಯಾದರೆ ಅನುಸ್ವಾರ ಮಾಡಿ, ಹಿಂದಿರುವುದು ಅಂಕಿಯಾದರೆ ಬಿಟ್ಟುಬಿಡಿ. ‘೧೦’ ಹಾಗೇ ಉಳಿಯುತ್ತದೆ.

ವಿಸರ್ಗದ ತಪ್ಪು ಇದಕ್ಕಿಂತ ಅಪಾಯದ್ದು. ವಿಸರ್ಗದ ಜಾಗದಲ್ಲಿ ಸಾದಾ ಕೋಲನ್ ಒತ್ತುವ ಅಭ್ಯಾಸ ಹಲವರಿಗಿತ್ತು. ಶೀರ್ಷಿಕೆಗೂ ಉಪಶೀರ್ಷಿಕೆಗೂ ನಡುವೆ ಬರುವುದೂ ಕೋಲನ್ನೇ. ಕೋಲನ್ ಕಂಡಲ್ಲೆಲ್ಲ ಒಡೆಯಿರಿ ಎಂದು ಯಂತ್ರಕ್ಕೆ ಹೇಳಿದ್ದೆವು. ‘ಅಂತ:ಕರಣ’ ಒಡೆದು ಶೀರ್ಷಿಕೆ ‘ಅಂತ’, ಉಪಶೀರ್ಷಿಕೆ ‘ಕರಣ’ ಆಯಿತು. ಕೋಲನ್ನಿನ ಎರಡೂ ಬದಿಗೆ ಜಾಗವಿಲ್ಲದೆ ಕನ್ನಡ ಅಕ್ಷರ ತಾಗಿಕೊಂಡಿದ್ದರೆ ಅದನ್ನು ವಿಸರ್ಗವೆಂದು ಬದಲಿಸಿ, ಆಮೇಲೆ ಒಡೆಯಬೇಕು. ಕ್ರಮ ಹಿಂದುಮುಂದಾಗಬಾರದು.

‘ೋ’, ‘ೀ’, ‘ೇ’ ಇಂಥ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಎರಡು ಮೂರು ತುಂಡುಗಳಾಗಿಯೂ ಬರೆಯಬಹುದು. ಇವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಸಾಕು, ಪೈಥಾನ್‌ನಲ್ಲಿ ಒಂದೇ ಸಾಲಿನ ಆಜ್ಞೆ. ಕಣ್ಣಿಗೆ ಕಾಣದೆ ಅಕ್ಷರಗಳ ಜೋಡಣೆಯನ್ನು ನಿಯಂತ್ರಿಸುವ ಸೇರುಗ (ಜಡ್‌ಡಬ್ಲ್ಯೂಜೆ) ಮತ್ತು ಬಿಡುಗ (ಜಡ್‌ಡಬ್ಲ್ಯೂಎನ್‌ಜೆ) ಚಿಹ್ನೆಗಳನ್ನು ಮಾತ್ರ ದಾಖಲೆಯಿಂದ ಕಿತ್ತುಹಾಕಬೇಡಿ. ‘ರಾಜ್‌ಕುಮಾರ್’ ಎಂಬಲ್ಲಿ ಬಿಡುಗ ತೆಗೆದರೆ ಜಕಾರಕ್ಕೆ ಕಕಾರದ ಒತ್ತು ಬಂದು ಹೆಸರೇ ಕೆಡುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಸೇರುಗ ತೆಗೆದರೆ ಅರ್ಕಾವೊತ್ತಾಗುತ್ತದೆ. ಕಾಣಿಸುವ ರೂಪ ಹಾಗೇ ಇರಲಿ, ಹುಡುಕುವ ಸೂಚಿಯಲ್ಲಿ ಮಾತ್ರ ಇವನ್ನು ನಿರ್ಲಕ್ಷಿಸುವ ದಾರಿ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಇಷ್ಟಾದ ಮೇಲೆ ಮಾರ್ಕ್ 21ಕ್ಕೆ ಹೊಂದಿಸುವುದು. ಪುಸ್ತಕದ ಒಂದೊಂದು ವಿವರವನ್ನೂ ಸಂಖ್ಯೆ ಹೊತ್ತ ಒಂದೊಂದು ಫೀಲ್ಡಿನಲ್ಲಿ ಇಡುವ, ಗ್ರಂಥಾಲಯಗಳು ಬಳಸುವ ದಾಖಲೆಯ ಮಾದರಿ ಅದು. ಇದಕ್ಕೆ ಮಾರ್ಕ್‌ಎಡಿಟ್ ಬಳಸಿದೆವು. ಅಮೆರಿಕದ ವಿಶ್ವವಿದ್ಯಾಲಯದ ಗ್ರಂಥಪಾಲಕ ಟೆರಿ ರೀಸ್ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟಿರುವ ಉಪಕರಣ ಅದು. ಗ್ರಂಥಾಲಯದೊಳಗಿನವರೇ ಬರೆದದ್ದರಿಂದ ನಮ್ಮ ಕಷ್ಟಗಳು ಅದಕ್ಕೆ ಮೊದಲೇ ಗೊತ್ತಿವೆ ಎಂಬ ಭಾವನೆ ಪ್ರತಿ ಹೆಜ್ಜೆಗೂ ಬರುತ್ತದೆ. ಕೋಷ್ಟಕದ ಯಾವ ಕಾಲಂ ಯಾವ ಫೀಲ್ಡಿಗೆ ಎಂದು ಒಮ್ಮೆ ಹೇಳಿ, ಆ ನಕ್ಷೆಯನ್ನು ಉಳಿಸಿಟ್ಟುಕೊಳ್ಳಬಹುದು. ಶೀರ್ಷಿಕೆ 245ಕ್ಕೆ, ಲೇಖಕರು 100ಕ್ಕೆ, ಆವೃತ್ತಿ 250ಕ್ಕೆ, ಪ್ರಕಾಶಕರು 260 ಅಥವಾ 264ಕ್ಕೆ, 894.8143 ಥರದ ವರ್ಗೀಕರಣದ ಡ್ಯೂಯಿ ಸಂಖ್ಯೆ 082ಕ್ಕೆ. ಕೋಹಾಕ್ಕೇ ಬೇಕಾದ ಎರಡು: ದಾಖಲೆಯ ಬಗೆಗೆ 942, ಒಂದೊಂದು ಪ್ರತಿಯ ವಿವರಕ್ಕೆ 952.

952ರೊಳಗೆ ಅಕ್ಷರಗಳಿಂದ ಗುರುತಿಸುವ ಉಪಭಾಗಗಳು, ಅಂದರೆ ಸಬ್‌ಫೀಲ್ಡುಗಳು ಇವೆ: ‘ಪಿ’ ಬಾರ್‌ಕೋಡ್, ‘ಒ’ ಕಾಲ್ ನಂಬರ್, ‘ಎ’ ಪುಸ್ತಕ ಸೇರಿದ ಶಾಖೆ, ‘ಬಿ’ ಈಗಿರುವ ಶಾಖೆ, ‘ವೈ’ ಬಗೆ, ‘ಡಿ’ ಕೊಂಡ ದಿನಾಂಕ, ‘ಜಿ’ ಕೊಟ್ಟ ಬೆಲೆ, ‘ವಿ’ ಕಳೆದರೆ ವಸೂಲಿ ಮಾಡಬೇಕಾದ ಬೆಲೆ. ಕೊನೆಯ ಎರಡನ್ನು ಬೇರೆ ಬೇರೆ ಇಡುವುದು ಮುಖ್ಯ. ಮೂರು ರೂಪಾಯಿಗೆ ಕೊಂಡ ಹಳೆಯ ಪುಸ್ತಕ ಕಳೆದರೆ ಮೂರು ರೂಪಾಯಿಗೆ ಇನ್ನೊಂದು ಪ್ರತಿ ಬರುವುದಿಲ್ಲ. ದಿನಾಂಕ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲೇ ಇರಬೇಕು. ನಮ್ಮ ರಿಜಿಸ್ಟರಿನಲ್ಲಿ ‘31-03-1998’ ಎಂಬ ರೀತಿಯವೇ ಹೆಚ್ಚು, ಅನುದಾನ ಮುಗಿಸುವ ಮಾರ್ಚ್ ಕೊನೆಯ ಬಿಲ್ಲುಗಳು. ಅವನ್ನು ‘1998-03-31’ ಮಾಡದೆ ಒಳಗೆ ಹಾಕಿದರೆ ದಿನಾಂಕ ಬಿದ್ದುಹೋಗುತ್ತದೆ.

ಎರಡು ಚಿಕ್ಕ ಜಾಗಗಳನ್ನು ಮರೆತರೆ ಕನ್ನಡ ಪೂರ್ತಿ ಕೆಡುತ್ತದೆ. ದಾಖಲೆಯ ಮೊದಲಿಗೆ ಬರುವ ಲೀಡರ್ ಎಂಬ ಭಾಗದಲ್ಲಿ 09ನೇ ಸ್ಥಾನ ‘ಎ’ ಆಗಿರಬೇಕು. ಖಾಲಿ ಬಿಟ್ಟರೆ ಇದು ಯುನಿಕೋಡ್ ಅಲ್ಲ, ಹಳೆಯ ಮಾರ್ಕ್-8 ಸಂಕೇತ ಎಂದೇ ಅರ್ಥ. ಓದುವ ಸಾಫ್ಟ್‌ವೇರ್ ಆ ಲೆಕ್ಕದಲ್ಲಿ ಪರಿವರ್ತಿಸಲು ಹೋದರೆ ಅಕ್ಷರಗಳು ಚಿಂದಿಯಾಗುತ್ತವೆ. ಇನ್ನೊಂದು 008 ಫೀಲ್ಡು. ಅದು ಸರಿಯಾಗಿ 40 ಅಕ್ಷರ ಉದ್ದ. 35ರಿಂದ 37ರವರೆಗಿನ ಸ್ಥಾನದಲ್ಲಿ ಭಾಷೆಯ ಸಂಕೇತ, ಕನ್ನಡಕ್ಕೆ ‘ಕೆಎಎನ್’. ‘ಕನ್ನಡ ಪುಸ್ತಕ ಮಾತ್ರ ತೋರಿಸು’ ಎಂಬ ಸೋಸಣೆ ನಡೆಯುವುದು ಇದರಿಂದ.

ಕನ್ನಡ ಶೀರ್ಷಿಕೆ ಎಲ್ಲಿರಬೇಕು ಎಂಬುದು ಚರ್ಚೆಯ ವಿಷಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ 245ರಲ್ಲಿ ರೋಮನ್ ಲಿಪ್ಯಂತರ, 880ರಲ್ಲಿ ಮೂಲ ಲಿಪಿ. ಅವರ ಓದುಗರಿಗೆ ಅದು ಸರಿ. ಕರ್ನಾಟಕದ ಕಾಲೇಜಿನಲ್ಲಿ ಕನ್ನಡ ಪುಸ್ತಕದ ಮೊದಲ ಹೆಸರು ಕನ್ನಡದಲ್ಲೇ ಇರಬೇಕೆಂದು ನಾವು 245ರಲ್ಲಿ ಕನ್ನಡವನ್ನೇ ಇಟ್ಟೆವು. ಕನ್ನಡ ಕೀಲಿಮಣೆ ಬಾರದವರಿಗಾಗಿ 246ರಲ್ಲಿ ಇಂಗ್ಲಿಷ್ ಲಿಪಿಯ ಹೆಸರು ಸೇರಿಸಿದೆವು, ಅಕ್ಷರಗಳ ಮೇಲೆ ಕೆಳಗೆ ಗೀಟು ಚುಕ್ಕೆಗಳಿಲ್ಲದೆ, ವಿದ್ಯಾರ್ಥಿಗಳು ಫೋನಿನಲ್ಲಿ ಬರೆಯುವ ಹಾಗೆ. ಹಳೆಯ ಸಾಫ್ಟ್‌ವೇರಿನ ಇಂಗ್ಲಿಷ್ ಲಿಪಿಯ ಸಾಲುಗಳು ವ್ಯರ್ಥವಾಗದೆ ಇಲ್ಲಿ ಉಪಯೋಗಕ್ಕೆ ಬಂದವು.

ಒಂದೇ ಪುಸ್ತಕದ ಹತ್ತು ಪ್ರತಿ ಹತ್ತು ಸಾಲುಗಳಲ್ಲಿರುತ್ತವೆ. ಕೋಹಾದಲ್ಲಿ ಅದು ಒಂದು ದಾಖಲೆ, ಹತ್ತು 952 ಆಗಬೇಕು. ಶೀರ್ಷಿಕೆ, ಲೇಖಕ, ಆವೃತ್ತಿ, ವರ್ಷ ಈ ನಾಲ್ಕೂ ಹೊಂದಿದರೆ ಮಾತ್ರ ಒಂದುಗೂಡಿಸಿದೆವು. ಶೀರ್ಷಿಕೆ ಮತ್ತು ಲೇಖಕರನ್ನಷ್ಟೇ ನೋಡಿದ ಮೊದಲ ಪ್ರಯತ್ನದಲ್ಲಿ ಬಹುಸಂಪುಟದ ಕೃತಿಗಳೆಲ್ಲ ಒಂದೇ ಪುಸ್ತಕವಾಗಿ ಕಲಸಿಹೋದವು. ಸಂಪುಟ ಸಂಖ್ಯೆಯನ್ನು 245ರ ‘ಎನ್’ ಸಬ್‌ಫೀಲ್ಡಿಗೆ ಮೊದಲೇ ಬೇರ್ಪಡಿಸಿಟ್ಟರೆ ಹೀಗಾಗುವುದಿಲ್ಲ.

ಲೇಖಕರ ಹೆಸರಿನಲ್ಲಿ ಯಂತ್ರವನ್ನು ನಂಬುವಂತಿಲ್ಲ. ಕೊನೆಯ ಪದವನ್ನು ಮುಂದಕ್ಕೆ ತರುವ ನಿಯಮ ಹಾಕಿದರೆ ‘ಬೇಂದ್ರೆ, ದ. ರಾ.’ ಸರಿಯಾಗಿ ಬರುತ್ತದೆ. ಅದೇ ನಿಯಮ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ‘ಅಯ್ಯಂಗಾರ್’ ಅಡಿಯಲ್ಲಿ ಇಡುತ್ತದೆ, ಅಲ್ಲಿ ಅವರನ್ನು ಯಾರೂ ಹುಡುಕುವುದಿಲ್ಲ. ಜೊತೆಗೆ ಕಾವ್ಯನಾಮಗಳು. ಕುವೆಂಪು ಮತ್ತು ಕೆ. ವಿ. ಪುಟ್ಟಪ್ಪ, ಮಾಸ್ತಿ ಮತ್ತು ಶ್ರೀನಿವಾಸ, ಬೇಂದ್ರೆ ಮತ್ತು ಅಂಬಿಕಾತನಯದತ್ತ, ತ್ರಿವೇಣಿ ಮತ್ತು ಅನಸೂಯ ಶಂಕರ್: ರಿಜಿಸ್ಟರಿನಲ್ಲಿ ಇವರೆಲ್ಲ ಎರಡೆರಡು ಜನ. ಇದಕ್ಕೆ ಅಥಾರಿಟಿ ದಾಖಲೆ, ಅಂದರೆ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಟ್ಟಿಗೆ ಕಟ್ಟುವ ದಾಖಲೆ ಬೇಕು. ಒಪ್ಪಿದ ರೂಪ 100ರಲ್ಲಿ, ಉಳಿದ ರೂಪಗಳು 400ರಲ್ಲಿ. ಆಮೇಲೆ ಕೋಹಾದ ಸಿಸ್ಟಂ ಪ್ರಿಫರೆನ್ಸ್‌ಗಳಲ್ಲಿ ‘ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್’ ಎಂಬುದನ್ನು ಚಾಲೂ ಮಾಡಿ ಸೂಚಿಯನ್ನು ಹೊಸದಾಗಿ ಕಟ್ಟಿಸಬೇಕು. ಆಗ ‘ಅಂಬಿಕಾತನಯದತ್ತ’ ಎಂದು ಹುಡುಕಿದರೂ ಬೇಂದ್ರೆಯವರ ಪುಸ್ತಕ ಬರುತ್ತದೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಹುಟ್ಟಿದ, ತೀರಿಕೊಂಡ ವರ್ಷಗಳು ‘ಡಿ’ ಸಬ್‌ಫೀಲ್ಡಿನಲ್ಲಿ: ತ್ರಿವೇಣಿಯವರಿಗೆ 1928–1963, ಬೇಂದ್ರೆಯವರಿಗೆ 1896–1981.

ಈ ಕೆಲಸ ಕೆಲಸದ ಹೊತ್ತನ್ನು ದಾಟಿ ಸಂಜೆಗಳಿಗೂ ಹಬ್ಬಿತು, ಸಂತೋಷದಿಂದಲೇ. ಲೇಖಕರ ಕಾವ್ಯನಾಮ, ಜನನ ವರ್ಷಗಳನ್ನು, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಮಾಹಿತಿಕೋಶ ವಿಕಿಡೇಟಾದಲ್ಲಿ ಸೇರಿಸುವುದು ಈಗ ನಮ್ಮಲ್ಲಿ ಕೆಲವರ ಹವ್ಯಾಸ. ಒಮ್ಮೆ ಅಲ್ಲಿ ಸರಿಯಾಗಿ ದಾಖಲಾದ ಲೇಖಕರನ್ನು ಬೇರೆ ಗ್ರಂಥಾಲಯದವರು ಮತ್ತೆ ಹುಡುಕುವ ಅಗತ್ಯವಿಲ್ಲ. ಕೋಹಾದ ಕನ್ನಡ ಅನುವಾದಕ್ಕೂ ಕೈ ಹಚ್ಚಿದ್ದೇವೆ. ‘ಹೋಲ್ಡ್’ ಎಂಬುದಕ್ಕೆ ‘ಕಾಯ್ದಿರಿಸಿ’ ಎಂದು ಬರೆದರೆ ಓದುಗರಿಗೆ ಬೇಗ ಅರ್ಥವಾಗುತ್ತದೆ.

ಕೋಹಾದ ಒಳಗೆ ದಾಖಲೆ ಹಾಕುವ ಮೊದಲು ಶಾಖೆಯ ಸಂಕೇತ, ಪುಸ್ತಕದ ಬಗೆ, ಕಲೆಕ್ಷನ್ ಸಂಕೇತಗಳನ್ನು ಅಲ್ಲಿ ಸೃಷ್ಟಿಸಿರಬೇಕು. ಕಡತದಲ್ಲಿರುವ ಶಾಖೆಯ ಸಂಕೇತಕ್ಕೂ ಅಲ್ಲಿರುವುದಕ್ಕೂ ಒಂದಕ್ಷರ ವ್ಯತ್ಯಾಸವಾದರೂ ಪುಸ್ತಕದ ಹೆಸರು ಬರುತ್ತದೆ, ಪ್ರತಿಗಳು ಬರುವುದಿಲ್ಲ. ಮೊದಲು 200 ದಾಖಲೆಗಳನ್ನಷ್ಟೇ ಸ್ಟೇಜ್ ಮಾಡಿ, ಅಂದರೆ ತಾತ್ಕಾಲಿಕ ಜಾಗದಲ್ಲಿ ಇಳಿಸಿ ನೋಡಿ, ಆಮದು ಮಾಡಿ. ತಪ್ಪಿದ್ದರೆ ಆ ಕಂತನ್ನು ಪೂರ್ತಿ ಹಿಂತೆಗೆಯುವ ಸೌಲಭ್ಯ ಇದೆ. ನಾಲ್ಕು ಸಲ ಹಿಂತೆಗೆದು ಐದನೆಯ ಸಲ ಸರಿಯಾಯಿತು.

ಎಲ್ಲ ಒಳಗೆ ಹೋದ ಮೇಲೂ ಕನ್ನಡ ಹುಡುಕಾಟ ಅಡ್ಡಾದಿಡ್ಡಿ ಫಲಿತಾಂಶ ಕೊಟ್ಟಿತು. ಕಾರಣ ಜೀಬ್ರಾ ಎಂಬ ಸೂಚಿಕಾರ, ಅಂದರೆ ಹುಡುಕಾಟಕ್ಕೆ ಪದಗಳ ಸೂಚಿ ಕಟ್ಟುವ ತಂತ್ರಾಂಶ. ಅದರಲ್ಲಿ ಪದಗಳನ್ನು ಬಿಡಿಸುವ ಎರಡು ವಿಧಾನಗಳಿವೆ, ಸಿಎಚ್‌ಆರ್ ಮತ್ತು ಐಸಿಯು. ಮೊದಲನೆಯದು ಲ್ಯಾಟಿನ್ ಲಿಪಿಗೆ ಹೊಂದುವಂಥದು, ನಮಗೆ ಬೇಕಾದದ್ದು ಯುನಿಕೋಡಿನ ಲಿಪಿಗಳನ್ನು ನಿಭಾಯಿಸುವ ಐಸಿಯು. ಸೂಚಿಯ ಸಂರಚನಾ ಕಡತದಲ್ಲಿ ಅದನ್ನು ಬದಲಿಸಿ, ಕೋಹಾದಲ್ಲಿ ‘ಯೂಸ್ ಐಸಿಯು’ ಎಂದು ಶುರುವಾಗುವ ಪ್ರಿಫರೆನ್ಸನ್ನೂ ಬದಲಿಸಿ, ಪೂರ್ತಿ ಮರುಸೂಚಿ ಮಾಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಹುಡುಕಾಟ ಇನ್ನೂ ಕೆಡುತ್ತದೆ.

ಇಲ್ಲೇ ಇನ್ನೊಂದು ಎಚ್ಚರಿಕೆ. ಐಸಿಯು ಪಾಲಿಸುವ ನಿಯಮಗಳ ಸರಪಳಿಯ ಕಡತದಲ್ಲಿ ‘ಜಾಗ ಹಿಡಿಯದ ಚಿಹ್ನೆಗಳನ್ನು ತೆಗೆ’ ಎಂಬ ನಿಯಮ ಇದೆಯೇ ನೋಡಿ. ಫ್ರೆಂಚ್ ಅಕ್ಷರಗಳ ಮೇಲಿನ ಗೀಟು ತೆಗೆಯಲು ಅದು ಒಳ್ಳೆಯದೇ. ಆದರೆ ಯುನಿಕೋಡಿನ ವರ್ಗೀಕರಣದಲ್ಲಿ ಕನ್ನಡದ ಗುಡಿಸು, ಎತ್ವ, ಔತ್ವ, ವಿರಾಮ ಇವೆಲ್ಲ ‘ಜಾಗ ಹಿಡಿಯದ’ ಗುಂಪಿನವು. ಆ ನಿಯಮ ಇದ್ದರೆ ‘ಬಲ’, ‘ಬಲಿ’, ‘ಬಿಲ’, ‘ಬೆಲೆ’ ನಾಲ್ಕೂ ಸೂಚಿಯಲ್ಲಿ ‘ಬಲ’ ಆಗುತ್ತವೆ. ಅರ್ಥಶಾಸ್ತ್ರದ ವಿದ್ಯಾರ್ಥಿ ಬೆಲೆಯ ಬಗ್ಗೆ ಹುಡುಕಿದರೆ ಬಲಿಯ ಪುಸ್ತಕಗಳೂ ಸಾಲುಗಟ್ಟುತ್ತವೆ. ಆ ಸಾಲನ್ನು ತೆಗೆದು, ಅದರ ಜಾಗದಲ್ಲಿ ಸೇರುಗ-ಬಿಡುಗ ಚಿಹ್ನೆಗಳನ್ನು ತೆಗೆಯುವ ನಿಯಮ ಹಾಕಿ. ಆಗ ರಾಜ್‌ಕುಮಾರ್ ಹೆಸರನ್ನು ಹೇಗೆ ಟೈಪ್ ಮಾಡಿದರೂ ಸಿಗುತ್ತದೆ, ತೆರೆಯ ಮೇಲೆ ಸರಿಯಾಗಿಯೇ ಕಾಣುತ್ತದೆ.

ಬಾರ್‌ಕೋಡ್ ಚೀಟಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಎ4 ಹಾಳೆಗೆ 65 ಚೀಟಿ, ಒಂದೊಂದೂ ಸುಮಾರು 38 ಗುಣಿಸು 21 ಮಿಲಿಮೀಟರ್. ಪ್ರಿಂಟ್ ಮಾಡುವಾಗ ‘ಪುಟಕ್ಕೆ ಹೊಂದಿಸು’ ತೆಗೆದು 100% ಇಡಿ, ಇಲ್ಲವಾದರೆ ಕೆಳಗಿನ ಸಾಲುಗಳ ಮುದ್ರಣ ಚೀಟಿಯ ಅಂಚು ದಾಟುತ್ತದೆ. ಬೆನ್ನಿನ ಚೀಟಿಯಲ್ಲಿ ಲೇಖಕರ ಹೆಸರಿನ ಮೊದಲ ಅಕ್ಷರಗಳನ್ನು ಹಾಕುವಾಗ ಸಂಕೇತ ಎಣಿಸಿ ಕತ್ತರಿಸಬಾರದು. ‘ತ್ರಿವೇಣಿ’ಯನ್ನು ಮೂರು ಸಂಕೇತಕ್ಕೆ ಕತ್ತರಿಸಿದರೆ ‘ತ್ರ’ ಉಳಿದು ಗುಡಿಸು ಬಿದ್ದುಹೋಗುತ್ತದೆ. ಅಕ್ಷರ ಎಣಿಸಿದರೆ ‘ತ್ರಿವೇ’ ಬರುತ್ತದೆ.

ಅಂಟಿಸುವಾಗಲೇ ಸ್ಟಾಕ್ ವೆರಿಫಿಕೇಷನ್ ಮುಗಿಸಿಕೊಂಡದ್ದು ದೊಡ್ಡ ಲಾಭ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮ 215ರ ಪ್ರಕಾರ 20,000 ಪುಸ್ತಕದವರೆಗೆ ಪ್ರತಿ ವರ್ಷ, 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ ಪೂರ್ತಿ ಎಣಿಕೆ ಆಗಬೇಕು. ಓದಲು ಕೊಟ್ಟ ಪ್ರತಿ ಸಾವಿರಕ್ಕೆ ವರ್ಷಕ್ಕೆ ಐದು ಪುಸ್ತಕದ ನಷ್ಟವನ್ನು ಸಹಜವೆಂದು ಒಪ್ಪಬಹುದು, ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಇಲ್ಲದಿದ್ದರೆ. ರ‍್ಯಾಕಿನಲ್ಲಿ ಸ್ಕ್ಯಾನ್ ಮಾಡಿದ ಸಂಖ್ಯೆಗಳ ಕಡತವನ್ನು ಕೋಹಾದ ಇನ್ವೆಂಟರಿ ಉಪಕರಣಕ್ಕೆ ಕೊಟ್ಟರೆ ಕಾಣದ ಪುಸ್ತಕಗಳ ಪಟ್ಟಿ ಹೊರಬರುತ್ತದೆ.

ಬ್ಯಾಕಪ್ ದಿನವೂ ತಾನಾಗಿ ಆಗುತ್ತದೆ. ಆದರೆ ನಾವು ಬದಲಿಸದಿದ್ದರೆ ಡೆಬಿಯನ್ ಪ್ಯಾಕೇಜು ಉಳಿಸುವುದು ಎರಡೇ ದಿನದ ಪ್ರತಿಯನ್ನು, ಅದೂ ಅದೇ ಯಂತ್ರದಲ್ಲಿ. ಪ್ರತಿ ಶುಕ್ರವಾರ ಅದನ್ನು ಬೇರೆ ಕಟ್ಟಡದ ಡಿಸ್ಕಿಗೆ ಒಯ್ಯುತ್ತೇವೆ.

ಹೊಸ ಪುಸ್ತಕಗಳನ್ನು ಸೇರಿಸುವವರು ಬದಲಾಗುತ್ತಲೇ ಇರುತ್ತಾರೆ. ಒಬ್ಬರು ಕೆಜಿಪಿ ಕೀಲಿಮಣೆಯವರು, ಇನ್ನೊಬ್ಬರು ಇನ್‌ಸ್ಕ್ರಿಪ್ಟ್ ಕಲಿತವರು, ಮತ್ತೊಬ್ಬರು ಫೋನಿನಲ್ಲಿ ಬರೆದು ಅಂಟಿಸುವವರು. ಹಾಗಾಗಿ ಕೋಹಾದ ವರದಿಗಳಲ್ಲಿ ಮೂರು ಪ್ರಶ್ನೆಗಳನ್ನು ಬರೆದಿಟ್ಟಿದ್ದೇವೆ: ಅಕ್ಷರದ ಪಕ್ಕದಲ್ಲಿ ಅಂಕಿ ಸೊನ್ನೆ ಇರುವ ಶೀರ್ಷಿಕೆಗಳು, ಜಾಗವಿಲ್ಲದ ಕೋಲನ್ ಇರುವವು, 008ರಲ್ಲಿ ಭಾಷೆ ಖಾಲಿ ಇರುವವು. ಶನಿವಾರ ಬಾಗಿಲು ಹಾಕುವ ಮೊದಲು ಈ ಮೂರನ್ನೂ ಓಡಿಸುತ್ತೇವೆ. ಸಾಮಾನ್ಯವಾಗಿ ಐದಾರು ಸಾಲು ಬರುತ್ತವೆ, ತಿದ್ದಲು ಹತ್ತು ನಿಮಿಷ ಸಾಕು.